ವಿಭೂತಿ ಹಚ್ಚಿದ ಇಂಜಿನ್ನು

ಹೋದ ವಾರ ಕುವೆಂಪುನಗರದ ಸಿಗ್ನಲ್ಲಿನಲ್ಲಿ ಆಟೋದಲ್ಲಿ ಕೂತಿದ್ದೆ. ಕಾರು ಮಾರಿದ ಮೇಲೆ ನನಗೆ ಆಟೋನೇ ಗತಿ. ಮುಂದೆ ಯಾರದೋ ಹಳೇ ಕಾರು ನಿಂತಿತ್ತು. ಅದರ ಅಡಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು, ಅದರ ಹಿಂದೆಯೇ ವಾಸನೆಯೂ ಬಂತು. ಕಾದ ಸೈಲೆನ್ಸರ್ ಕೊಳವೆಯ ಮೇಲೆ ಇಂಜಿನ್ ಆಯಿಲ್ ತೊಟ್ಟಿಕ್ಕಿ ಸುಡುವ ವಾಸನೆ. ಒಂದು ಸಲ ಮೂಗಿಗೆ ಹತ್ತಿದರೆ ಬಟ್ಟೆಯಲ್ಲಿ, ಕೂದಲಲ್ಲಿ, ಕೊನೆಗೆ ಊಟದಲ್ಲೂ ಅದೇ. ಆಟೋದವನು ಮುಖ ಸಿಂಡರಿಸಿ ಆ ಕಾರಿನವನನ್ನು ಬೈದ. ಆ ವಾಸನೆಗೆ ನನಗೆ ನೆನಪಾಗುವುದು ನನ್ನ ಕಾರಲ್ಲ, ನಮ್ಮ ಓನರಮ್ಮ.

ರಾಮಕೃಷ್ಣನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕೆಳಗೆ ಅವರು, ಮೇಲೆ ನಾನು ಮತ್ತು ನನ್ನ ಹೆಂಡತಿ. ಅವರ ಯಜಮಾನರು ಬೆಲ್ಲದ ಮಂಡಿ ಇಟ್ಟಿದ್ದವರಂತೆ. ನಾವು ಆ ಮನೆಗೆ ಹೋಗುವ ಹೊತ್ತಿಗೆ ಅವರು ಲಿಂಗೈಕ್ಯರಾಗಿ ಬಹಳ ಕಾಲವಾಗಿತ್ತು. ಓನರಮ್ಮ ಬೆಳಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಎಳೆದುಕೊಂಡು ಹೊರಗೆ ಬಂದರೆಂದರೆ ಬೀದಿಗೆ ಬೆಳಗಾಯಿತು ಎಂದರ್ಥ. ಹಾಲಿನವನು, ಕಸದ ಗಾಡಿಯವನು, ನಲ್ಲಿ ರಿಪೇರಿಯವನು, ನಾನು... ಎಲ್ಲರಿಗೂ ದಿನಕ್ಕೊಂದು ಪಾಲು ಬೈಗುಳ ಸಿಗುತ್ತಿತ್ತು. ಬಟ್ಟೆ ರಸ್ತೆ ಕಡೆ ಒಣಹಾಕಬಾರದು. ನೀರಿನ ಮೋಟಾರು ಹಾಕಿ ಮರೆಯಬಾರದು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮಾಡಬಾರದು. ಬಾಡಿಗೆ ಮನೆಗೆ ಬಂದಿದ್ದೇವೋ ಹಾಸ್ಟೆಲಿಗೆ ಸೇರಿದ್ದೇವೋ ಎಂದು ನಾನು ಗೊಣಗಿದರೆ, ನನ್ನ ಹೆಂಡತಿ ನಗುತ್ತಿದ್ದಳು. ಅವಳಿಗೆ ಮೊದಲಿಂದಲೂ ಓನರಮ್ಮ ಇಷ್ಟ.

ಓನರಮ್ಮನಿಗೂ ನನಗೂ ಸರಿಯಾಗಿ ಹತ್ತಿಕೊಂಡಿದ್ದು ಕಾರಿನ ವಿಷಯಕ್ಕೆ. ಗೇಟಿನ ಒಳಗೆ ಕಲ್ಲು ಹಾಸಿದ ಅಂಗಳ, ಅಲ್ಲೇ ನಾನು ಕಾರು ನಿಲ್ಲಿಸುತ್ತಿದ್ದದ್ದು, ಅಲ್ಲೇ ಅವರು ದಿನಾ ಬೆಳಗ್ಗೆ ರಂಗೋಲಿ ಇಡುತ್ತಿದ್ದದ್ದು. ಕಾರಿಗೆ ವಯಸ್ಸಾಗಿತ್ತು. ಒಂದು ದಿನ ಬೆಳಗ್ಗೆ ನೋಡಿದರೆ ರಂಗೋಲಿಯ ನಡುವೆ ಕಪ್ಪಗೆ ಎಣ್ಣೆಯ ಬೊಟ್ಟು. ಮರುದಿನ ಮತ್ತೊಂದು. ಸೋಪಿನ ಪುಡಿ ಹಾಕಿ ತಿಕ್ಕಿದರೂ ಕಲೆ ಕಲ್ಲಿನೊಳಗೆ ಇಳಿದುಬಿಟ್ಟಿತ್ತು. ನಾನು ರಟ್ಟು ಹಾಸಿದೆ, ಮರದ ಹೊಟ್ಟು ಸುರಿದೆ. ಆಗ ಅವರು ನನ್ನನ್ನು ಕರೆದು ಹೇಳಿದ್ದು ಇಷ್ಟೇ.

“ನೋಡಿ ಇವ್ರೇ, ಕಾರ್ ನಿಮ್ದು, ಬಾಗ್ಲು ನಂದು. ಸರಿ ಮಾಡಿಸ್ತೀರೋ, ಬೀದೀಲಿ ನಿಲ್ಲುಸ್ತೀರೋ ನೀವೇ ನೋಡ್ಕೊಳಿ.”

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಆಗ ನನ್ನಲ್ಲಿ ಇರಲಿಲ್ಲ. ಹೆಂಡತಿಯ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳಗ್ಗೆ ಕರೆದುಕೊಂಡು ಹೋಗುವುದು, ಅವಳ ರಕ್ತ ಮಷೀನಿಗೆ ಹೋಗಿ ಬರುವವರೆಗೂ ಹೊರಗಿನ ಕುರ್ಚಿಯಲ್ಲಿ ಕಾಯುವುದು, ಕೈಹಿಡಿದು ಕರೆತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಮನೆಗೆ ತರುವುದು. ನನ್ನ ವಿಮಾ ಕಚೇರಿಯ ಕೆಲಸವನ್ನು ನಿವೃತ್ತಿಗೆ ಮೊದಲೇ ಬಿಟ್ಟಿದ್ದೆ. ಕಾರು ಆಗ ನಮಗೆ ಅನುಕೂಲವಲ್ಲ, ಅವಳನ್ನು ಆಸ್ಪತ್ರೆಗೂ ಮನೆಗೂ ಜೋಡಿಸಿದ್ದ ಒಂದೇ ಹಗ್ಗ. ಆಟೋ ನೋಡಿಯಾಗಿತ್ತು. ಡಯಾಲಿಸಿಸ್ ಆದ ಮೇಲೆ ಅವಳ ಬಿಪಿ ಇಳಿಯುತ್ತಿತ್ತು. ಆಟೋದ ಕುಲುಕಾಟಕ್ಕೆ ಒಂದೆರಡು ಸಲ ಕೂತಲ್ಲೇ ಒರಗಿಬಿಟ್ಟಿದ್ದಳು. ಬಾಡಿಗೆ ಕಾರಿನಲ್ಲಿ ಎಸಿಯ ಜೊತೆ ತೂರಿಬರುವ ಸೆಂಟಿನ ವಾಸನೆಗೆ ವಾಂತಿ.

ಈಗ ನಮ್ಮ ಕಾರಿನಲ್ಲೂ ವಾಸನೆ ಶುರುವಾಗಿತ್ತು. ಸೋರಿದ ಆಯಿಲ್ ಸೈಲೆನ್ಸರಿನ ಮೇಲೆ ಬಿದ್ದು ಸುಟ್ಟು, ಆ ಹೊಗೆ ಕಾರಿನೊಳಗೇ ಬರುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಹೊಗೆ. ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಲೇ ಗಾಡಿ ಓಡಿಸುತ್ತಿದ್ದೆ.

ಹಳೇ ಗಾಡಿಗಳನ್ನು ಚೆನ್ನಾಗಿ ನೋಡುವ ಒಬ್ಬ ಮೆಕ್ಯಾನಿಕ್ ಕೆಸರೆಯಲ್ಲಿದ್ದ. ಒಳ್ಳೆಯವನೇ. ಮೊದಲು ಇಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸಿದ. ಸೋರಿಕೆ ನಿಲ್ಲಲಿಲ್ಲ. ಆಮೇಲೆ ಕೆಳಗೆ ಆಯಿಲ್ ತುಂಬಿರುವ ಸಂಪಿನ ಪ್ಯಾಕಿಂಗ್ ಬದಲಾಯಿಸಿದ. ಆಗಲೂ ನಿಲ್ಲಲಿಲ್ಲ. ಸೋರುವ ಕಡೆಯೇ ಆಯಿಲ್ ತೊಟ್ಟಿಕ್ಕುವುದಿಲ್ಲ, ಮೇಲಿಂದ ಇಳಿದು, ಗಾಳಿಗೆ ಹಿಂದೆ ಹರಿದು, ಇನ್ನೆಲ್ಲೋ ಬೀಳುತ್ತದೆ ಎಂದು ಅವನೇ ಹೇಳಿದ. ಇಂಜಿನ್ನಿನ ಹಿಂಭಾಗವೆಲ್ಲ ವರ್ಷಗಳ ಜಿಡ್ಡು ಮೆತ್ತಿಕೊಂಡು ಕಪ್ಪು ರೊಟ್ಟಿಯ ಹಾಗಾಗಿತ್ತು. ಅದರಲ್ಲಿ ಹೊಸ ಎಣ್ಣೆ ಯಾವುದು, ಹಳೇದು ಯಾವುದು ಎಂದು ಯಾರಿಗೆ ಗೊತ್ತಾಗಬೇಕು? ಕೊನೆಗೆ ಅವನು ಕೈ ಒರೆಸಿಕೊಳ್ಳುತ್ತ, ಇದು ಇಂಜಿನ್ನಿನ ಹಿಂದಿನ ತುದಿಯ ಆಯಿಲ್ ಸೀಲೇ ಇರಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಗಾಡಿ ಒಂದಷ್ಟು ದಿನ ಇಲ್ಲೇ ಬಿಡಬೇಕಾಗುತ್ತದೆ ಎಂದ. ಒಂದಷ್ಟು ದಿನ! ನಾನು ಆಯಿಲ್ ಟಾಪಪ್ ಮಾಡಿಸಿಕೊಂಡು ವಾಪಸು ಬಂದೆ.

ದಸರೆ ಹತ್ತಿರ ಬಂದಾಗ ಹೆಂಡತಿ ಒಂದು ದಿನ ಮೆಟ್ಟಿಲು ಇಳಿಯಲಿಲ್ಲ. ಚಪ್ಪಲಿ ಹಾಕಿಕೊಂಡಿದ್ದಳು, ಫೈಲು ಚೀಲ ಎಲ್ಲ ತಯಾರಿತ್ತು. ಬಾಗಿಲಲ್ಲೇ ಕೂತು ಹೇಳಿದಳು.

“ಆ ಕಾರಲ್ಲಿ ನಾನು ಬರಲ್ಲ ಕಣ್ರೀ. ಆ ವಾಸನೆ ನನಗೆ ಆಗಲ್ಲ.”

ಬೇಡಿಕೊಂಡೆ, ಗದರಿದೆ, ಮತ್ತೆ ಬೇಡಿಕೊಂಡೆ. ಅವಳು ಕದಲಲಿಲ್ಲ. ಆ ಸರದಿ ತಪ್ಪಿತು. ಮರುದಿನವೇ ಅವಳ ಮುಖ ಊದಿಕೊಂಡಿತು, ಕಾಲು ಬಾತುಕೊಂಡಿತು, ಮಲಗಿದರೆ ಉಸಿರು ಸಿಗದೆ ದಿಂಬಿಗೊರಗಿ ಕೂತೇ ಇದ್ದಳು. ಆಸ್ಪತ್ರೆಗೆ ಫೋನು ಮಾಡಿದರೆ, ಮುಂದಿನ ಸರದಿ ಏನಾದರೂ ತಪ್ಪಿಸಿದರೆ ನಾವು ಜವಾಬ್ದಾರರಲ್ಲ ಎಂದರು. ಮುಂದಿನ ಸರದಿ ಬಿದ್ದದ್ದು ವಿಜಯದಶಮಿಯ ದಿನ. ಇಡೀ ಊರು ಮೆರವಣಿಗೆ ನೋಡಲು ಹೊರಟಿರುತ್ತದೆ, ಅರ್ಧ ರಸ್ತೆ ಬಂದ್ ಇರುತ್ತದೆ. ನನಗೆ ದಿಕ್ಕೇ ತೋಚಲಿಲ್ಲ. ಈ ಮಾತೆಲ್ಲ ಓನರಮ್ಮನಿಗೆ ಹೇಗೆ ಗೊತ್ತಾಯಿತೋ... ಮೇಲಿನ ಮನೆಯ ಪಿಸುಮಾತೂ ಕೆಳಗಿನ ಅಡುಗೆಮನೆಗೆ ಕೇಳುವ ಮನೆ ಅದು.

ಆಯುಧಪೂಜೆಯ ದಿನ ಬೆಳಗ್ಗೆ ಅವರು ಕೆಳಗಿಂದಲೇ ನನ್ನನ್ನು ಕೂಗಿದರು. ಬೀದಿಯಲ್ಲಿ ಎಲ್ಲರೂ ಗಾಡಿ ತೊಳೆಯುತ್ತಿದ್ದರು. ಸ್ಕೂಟರಿಗೆಲ್ಲ ಬಾಳೆಕಂದು, ಚೆಂಡುಹೂವು ಏರಿದ್ದವು. ನಮ್ಮ ಕಾರು ಮಾತ್ರ ಕೊಳಕಾಗಿ ನಿಂತಿತ್ತು. ನನಗೆ ಪೂಜೆಯ ಮನಸ್ಸಿಲ್ಲ ಎಂದೆ. ನಿಮ್ಮ ಮನಸ್ಸು ಯಾರು ಕೇಳಿದರು, ವರ್ಷವೆಲ್ಲ ದುಡಿದದ್ದು ಕಾರು, ನೀವಲ್ಲ ಎಂದರು. ಬಕೆಟ್ಟು ಅವರದೇ, ನೀರು ಅವರದೇ. ಅವರು ಅಷ್ಟು ನೀರು ಖರ್ಚು ಮಾಡಲು ಬಿಟ್ಟದ್ದೇ ದೊಡ್ಡ ಸಂಗತಿ ಎಂದುಕೊಂಡು ತೊಳೆದೆ. ಮುಗಿಯಿತು ಎಂದು ಕೈ ಕೊಡವಿದರೆ, ಬಾನೆಟ್ ಎತ್ತಿ ಎಂದರು.

“ಮೇಲ್ಗಡೆ ತೊಳ್ದು ಹೂವ ಮುಡ್ಸುದ್ರೆ ಆಗೋಯ್ತಾ? ಕೆಲಸ ಮಾಡೋದು ಒಳಗಿರೋದಲ್ವಾ?”

ಸರಿ, ಬಾನೆಟ್ ಎತ್ತಿದೆ. ಒಳಗಿನ ಜಿಡ್ಡು ನೋಡಿ ಅವರು ಮುಖ ತಿರುಗಿಸಿದರು. ಈ ಮೈಲಿಗೆಯ ಮೇಲೆ ವಿಭೂತಿ ಇಡುವುದಿಲ್ಲ ಎಂದು ಹಟ ಹಿಡಿದರು. ಅವರ ಕಾಟಕ್ಕೆ ನಾನು ಹಳೇ ಬ್ರಷ್ಷು, ಸೀಮೆಎಣ್ಣೆ, ಚಿಂದಿ ಬಟ್ಟೆ ಹಿಡಿದು ಇಂಜಿನ್ನಿನ ಮೂಲೆಮೂಲೆ ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಮನಸ್ಸಿನಲ್ಲಿ ಅವರನ್ನು ಬೈದೆ, ಕಾರನ್ನು ಬೈದೆ, ಡಾಕ್ಟರನ್ನು ಬೈದೆ, ದೇವರನ್ನೂ ಬಿಡಲಿಲ್ಲ. ಬೆನ್ನು ಮುರಿದುಹೋಯಿತು. ಆದರೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕಬ್ಬಿಣದ ನಿಜವಾದ ಬಣ್ಣ ಕಂಡಿತು.

ಆಮೇಲೆ ಅವರು ವಿಭೂತಿಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳಲ್ಲಿ ಎತ್ತಿಕೊಂಡು ಶುರುಮಾಡಿದರು. ನಾನು ಬಾನೆಟ್ಟಿನ ಅಂಚಿಗೊಂದು ಗೀಟು ಎಳೆದು ಮುಗಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಇದೇನು ಎಂದು ಕೇಳುವುದು, ನಾನು ಹೇಳುವುದು, ಅವರು ಅದಕ್ಕೆ ವಿಭೂತಿ ಎಳೆಯುವುದು. ಟ್ಯಾಪೆಟ್ ಕವರಿಗೆ ಉದ್ದಕ್ಕೂ ಎಳೆದರು. ರೇಡಿಯೇಟರಿಗೆ, ಬ್ಯಾಟರಿಗೆ, ಏರ್ ಫಿಲ್ಟರಿನ ಡಬ್ಬಿಗೆ ಎಳೆದರು. ಇಂಜಿನ್ನಿನ ಹಿಂದಿನ ತುದಿಯಲ್ಲಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ದುಂಡನೆಯ ಡಬ್ಬಿ ಇದೆ, ಡಿಸ್ಟ್ರಿಬ್ಯೂಟರ್ ಅಂತ. ಅದಕ್ಕೂ, ಅದರ ಬುಡ ಇಂಜಿನ್ನಿಗೆ ಸೇರುವ ಜಾಗಕ್ಕೂ, ಕೈ ಹೋದಷ್ಟು ಕೆಳಕ್ಕೂ ಬಳಿದರು. ಒಂದನ್ನೂ ಬಿಡಬಾರದಂತೆ, ಬಿಟ್ಟದ್ದು ಮುನಿಸಿಕೊಳ್ಳುತ್ತದಂತೆ. ಇಂಜಿನ್ನು ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಾಣುತ್ತಿತ್ತು. ಮೇಲೆ ಒಂದು ಮೊಳ ಹೂವು ಬೇರೆ.

ನಿಂಬೆಹಣ್ಣು ಚಕ್ರದಡಿ ಇಟ್ಟು, ಬೂದುಗುಂಬಳ ಒಡೆದು, ಪೂಜೆ ಮಾಡಿದ ಗಾಡಿ ಒಂದು ಸುತ್ತು ಹೋಗಿ ಬರಬೇಕು ಎಂದು ಅವರೇ ಹಿಂದಿನ ಸೀಟು ಹತ್ತಿ ಕೂತರು. ಹೆಂಡತಿ ಮೇಲಿನ ಕಿಟಕಿಯಿಂದ ನೋಡುತ್ತಿದ್ದಳು. ದತ್ತಗಳ್ಳಿಯವರೆಗೂ ಹೋಗಿ ವಾಪಸು ಬರುವಾಗ ನನಗೆ ದಿಗಿಲಾಯಿತು, ಒಳಗೆ ಬಿಟ್ಟ ಹೂವಿನ ಸರ ಫ್ಯಾನಿನ ಬೆಲ್ಟಿಗೆ ಸಿಕ್ಕಿಕೊಂಡರೆ ಏನು ಗತಿ? ಮನೆ ಮುಂದೆ ನಿಲ್ಲಿಸಿದವನೇ ಬಾನೆಟ್ ಎತ್ತಿದೆ.

ಹೂವು ಬಾಡಿತ್ತು, ಅಷ್ಟೇ. ಓನರಮ್ಮನೂ ಬಗ್ಗಿ ನೋಡಿದರು. ವಿಭೂತಿ ಕಾವಿಗೆ ಒಣಗಿ ಇನ್ನೂ ಬೆಳ್ಳಗೆ ನಿಂತಿತ್ತು. ಟ್ಯಾಪೆಟ್ ಕವರಿನ ಮೇಲೆ ಹಾಗೆಯೇ ಇತ್ತು, ಅದರ ಅಂಚಲ್ಲೂ ಹಾಗೆಯೇ. ಡಿಸ್ಟ್ರಿಬ್ಯೂಟರಿನ ಮೈಮೇಲೂ ಹಾಗೆಯೇ. ಆದರೆ ಅದರ ಬುಡದಲ್ಲಿ, ಅದು ಇಂಜಿನ್ನಿನೊಳಗೆ ಹೊಗುವ ಕಡೆ, ಒಂದು ಕಡೆಯ ವಿಭೂತಿ ಮಾತ್ರ ಒದ್ದೆಯಾಗಿ ಕಪ್ಪಾಗಿತ್ತು. ಅಲ್ಲಿಂದ ಸಣ್ಣದೊಂದು ಕಪ್ಪು ದಾರ ಗೇರ್‌ಬಾಕ್ಸಿನ ಕಡೆಗೆ ಇಳಿದುಹೋಗಿತ್ತು.

ಓನರಮ್ಮ ಪೇಚಾಡಿಕೊಂಡರು. ಎಲ್ಲ ಕಡೆ ನಿಂತ ವಿಭೂತಿ ಇಲ್ಲಿ ಮಾತ್ರ ಯಾಕೆ ನಿಲ್ಲಲಿಲ್ಲ, ಏನು ಅಪಚಾರವಾಯಿತೋ ಎಂದು. ನಾನು ಅಲ್ಲಿಯೇ ನಿಂತು ನಗಲು ಶುರುಮಾಡಿದೆ. ನಾನು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ಹಿಂದಿನ ಸೀಲೂ ಅಲ್ಲ, ಗೇರ್‌ಬಾಕ್ಸ್ ಇಳಿಸುವುದೂ ಬೇಡ. ಡಿಸ್ಟ್ರಿಬ್ಯೂಟರಿನ ಬುಡದಲ್ಲಿರುವ ಬಳೆಯಷ್ಟಗಲದ ರಬ್ಬರ್ ರಿಂಗು ಸತ್ತುಹೋಗಿತ್ತು. ಎಣ್ಣೆ ಅಲ್ಲಿಂದ ಇಳಿದು, ಗೇರ್‌ಬಾಕ್ಸಿನ ಮೇಲೆ ಹರಿದು, ಕೆಳಗೆ ಸೈಲೆನ್ಸರಿನ ಮೇಲೂ ಇವರ ರಂಗೋಲಿಯ ಮೇಲೂ ಬೀಳುತ್ತಿತ್ತು.

ತಕ್ಷಣ ಕಾರು ತೆಗೆದುಕೊಂಡು ಕೆಸರೆಗೆ ಓಡಿದೆ. ಮೆಕ್ಯಾನಿಕ್ ಹೊಸ ಶರಟು ಹಾಕಿಕೊಂಡು ಶೆಡ್ಡಿನ ಮುಂದೆ ಕೂತಿದ್ದ. ಒಳಗೆ ಅವನ ಸ್ಪ್ಯಾನರುಗಳೆಲ್ಲ ಸಾಲಾಗಿ ಕೆಂಪು ಬಟ್ಟೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಇವತ್ತು ಮುಟ್ಟುವ ಹಾಗಿಲ್ಲ ಸಾರ್, ನಾಳೆ ಪೂಜೆ ಕದಲಿಸಿದ ಮೇಲೆ ಮೊದಲ ಕೆಲಸ ನಿಮ್ಮದೇ ಎಂದ. ಬಾನೆಟ್ ಎತ್ತಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ನಾವೂ ಒಮ್ಮೊಮ್ಮೆ ತೊಳೆದು ಪೌಡರು ಹಾಕಿ ನೋಡುವುದುಂಟು, ನಿಮ್ಮ ಗಾಡಿಗೆ ಅಷ್ಟು ಹೊತ್ತು ನೀವು ಯಾವತ್ತು ಬಿಟ್ಟಿರಿ ಎಂದು ನನ್ನನ್ನೇ ಕೇಳಿದ. ಅದೂ ಸರಿಯೇ. ನಾನು ಯಾವಾಗಲೂ ಅವಸರದಲ್ಲೇ ಇರುತ್ತಿದ್ದೆ.

ವಿಜಯದಶಮಿಯ ಬೆಳಗ್ಗೆ ಅವನು ಪೂಜೆಯ ಸ್ಪ್ಯಾನರನ್ನೇ ಎತ್ತಿಕೊಂಡು, ಡಬ್ಬಿ ಬಿಚ್ಚಿ, ಹಳೇ ರಿಂಗನ್ನು ತೆಗೆದು ಬೆರಳಲ್ಲಿ ಮುರಿದು ತೋರಿಸಿದ. ಒಣಗಿದ ಚಕ್ಕುಲಿಯ ಹಾಗೆ ಪಟ್ಟೆಂದು ಮುರಿಯಿತು. ಹೊಸದನ್ನು ಹಾಕಿ, ಡಬ್ಬಿಯನ್ನು ಮೊದಲು ಗುರುತು ಮಾಡಿದ್ದ ಜಾಗಕ್ಕೇ ಕೂರಿಸಿ ಬಿಗಿದ. ಸೈಲೆನ್ಸರನ್ನು ತಿಕ್ಕಿ ತೊಳೆದು, ಉಳಿದ ಜಿಡ್ಡು ಸುಟ್ಟುಹೋಗುವವರೆಗೂ ಇಂಜಿನ್ ಓಡಿಸಿ ಬಿಟ್ಟ. ಮನೆಗೆ ಬರುವ ದಾರಿಯಲ್ಲಿ ನಾನು ಮೂಗು ಅರಳಿಸಿಕೊಂಡೇ ಬಂದೆ. ಏನೂ ಇಲ್ಲ. ಬರೀ ಹಳೇ ಸೀಟಿನ ವಾಸನೆ.

ಮನೆಗೆ ಬಂದರೆ ಓನರಮ್ಮ ನನ್ನ ಹೆಂಡತಿಯನ್ನು ಆಗಲೇ ಕೆಳಗೆ ಇಳಿಸಿ ತಮ್ಮ ಜಗಲಿಯ ಮೇಲೆ ಕೂರಿಸಿಕೊಂಡಿದ್ದರು. ನಾನು ವಾಸನೆ ಹೋಯಿತು ಎಂದೆ. ಅವಳು ಎದ್ದು ಬಂದು ಕಾರಿನಲ್ಲಿ ಕೂತಳು. ಪಕ್ಕದಲ್ಲಿ ಓನರಮ್ಮನೂ ಕೂತರು, ಕೇಳದೆ, ಹೇಳದೆ. ಊರೊಳಗಿನ ರಸ್ತೆಗಳು ಬಂದ್, ರಿಂಗ್ ರೋಡು ಹಿಡಿದು ಸುತ್ತಿಕೊಂಡು ಹೊರಟೆವು.

ಕನ್ನಡಿಯಲ್ಲಿ ನೋಡಿದೆ. ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಕಾರಿನಲ್ಲಿ ವಾಸನೆಯೇ ಇರಲಿಲ್ಲ. ಕಾರಿಗೆ ಆದದ್ದನ್ನು ಸರಿಮಾಡಿಸಿ ತಂದಿದ್ದೆ, ಅಷ್ಟೇ... ಹಿಂದಿನ ಸೀಟಿನಲ್ಲಿ ಓನರಮ್ಮ ಅವಳ ಕೈಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿದರು.

“ವಾಸ್ನೆ ಹೋಯ್ತು ಕಣವ್ವ. ಬ್ಯಾಡ ಅನ್ನೋದಾದ್ರೆ ಬ್ಯಾಡ ಅನ್ನು. ಕಾರಿನ ಮ್ಯಾಲೆ ಹಾಕ್ಬ್ಯಾಡ.”

ಅವಳು ಅತ್ತಳು. ಕಾಯಿಲೆ ಬಂದ ಮೇಲೆ ನನ್ನ ಮುಂದೆ ಒಂದು ಸಲವೂ ಅತ್ತಿರಲಿಲ್ಲ. ನಾನು ಗಾಡಿ ನಿಲ್ಲಿಸಲೋ ಬೇಡವೋ ಗೊತ್ತಾಗದೆ ಓಡಿಸುತ್ತಲೇ ಇದ್ದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಮೂಗು ಒರೆಸಿಕೊಂಡು, ಇವತ್ತು ಹೋಗೋಣ ಎಂದಳು. ಇವತ್ತು ಎಂದಳು, ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಅಂದಿನಿಂದ ಓನರಮ್ಮ ಪ್ರತಿ ಸಲವೂ ಜೊತೆಗೆ ಬಂದರು. ಮೊಣಕಾಲು ನೋವು, ಬಿಸಿಲು, ಮಠದ ಪೂಜೆ, ಏನಿದ್ದರೂ ಬರುತ್ತಿದ್ದರು. ನಾನು ಮುಂದೆ ಡ್ರೈವರಿನ ಹಾಗೆ, ಅವರಿಬ್ಬರು ಹಿಂದೆ. ಏನು ಮಾತಾಡುತ್ತಿದ್ದರೋ... ಸೊಪ್ಪಿನ ಸಾರು, ನೆಂಟರ ಮದುವೆ, ಯಾರ ಮನೆಯ ಸೊಸೆಯೋ, ಯಾರ ಸೀರೆಯೋ. ಕೆಲವೊಮ್ಮೆ ನಗು ಕೇಳುತ್ತಿತ್ತು. ಕೆಲವೊಮ್ಮೆ ದನಿ ಇಳಿಯುತ್ತಿತ್ತು, ಆಗ ನಾನು ಹಾರ್ನು ಹೊಡೆಯುವುದಕ್ಕೂ ಹಿಂಜರಿಯುತ್ತಿದ್ದೆ. ನನಗೆ ದಣಿವು ಕಡಿಮೆಯಾಗಲಿಲ್ಲ, ಆದರೆ ದಣಿವನ್ನು ಹಂಚಿಕೊಳ್ಳುವವರು ಒಬ್ಬರು ಸಿಕ್ಕಿದ್ದರು. ಹಾಗೆ ಒಂದು ದಸರೆ ಕಳೆಯಿತು, ಇನ್ನೊಂದೂ ಕಳೆಯಿತು. ಎರಡು ಸಲವೂ ಇಂಜಿನ್ನಿಗೆ ಅವರೇ ವಿಭೂತಿ ಎಳೆದರು.

ಆಮೇಲೆ ಅವಳ ಹೃದಯ ಸೋತಿತು. ಡಯಾಲಿಸಿಸ್ ಮಧ್ಯೆಯೇ ಬಿಪಿ ಬಿದ್ದುಹೋಗುವುದು, ಮಷೀನು ನಿಲ್ಲಿಸುವುದು, ಮತ್ತೆ ಹಾಕುವುದು. ಇನ್ನು ನಮ್ಮ ಕೈಯಲ್ಲಿ ಹೆಚ್ಚೇನಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನಾನು ಅದನ್ನು ಕೇಳಿಯೂ ಕೇಳದವನ ಹಾಗೆ ಮರುದಿನದ ಚೀಲ ತುಂಬುತ್ತಿದ್ದೆ. ಒಂದು ಸಂಜೆ ಹೀಗೆಯೇ ಟಯರಿಗೆ ಗಾಳಿ ತುಂಬಿಸಿಕೊಂಡು ಬಂದು ಗೇಟು ಹಾಕುತ್ತಿದ್ದೆ. ಓನರಮ್ಮ ಮೇಲಿನಿಂದ, ನಮ್ಮ ಮನೆಯಿಂದ, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದುಬಂದರು. ನನ್ನ ಎದುರು ಬಂದು ನಿಂತರು. ದಿನವೂ ಬೀದಿಗೆಲ್ಲ ಕೇಳುವ ಗಂಟಲು ಅವತ್ತು ನನಗೊಬ್ಬನಿಗೇ ಕೇಳುವಷ್ಟಿತ್ತು.

“ನಾಳೆ ಕಾರ್ ತೆಗೀಬ್ಯಾಡ ಕಣಪ್ಪ. ಸಾಕು ಅಂದವ್ಳೆ. ನಿನಗೆ ಹೇಳಕ್ಕೆ ಅವಳ ಕೈಲಿ ಆಗ್ತಿಲ್ಲ.”

ನಾನು ಕೀ ಹಿಡಿದುಕೊಂಡು ನಿಂತೇ ಇದ್ದೆ. ಅವರು ನನ್ನ ಕೈಯಿಂದ ಕೀ ತೆಗೆದುಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ. ಮೇಲೆ ಹೋಗು, ಅವಳ ಹತ್ತಿರ ಕೂತುಕೋ ಎಂದರು. ಹೋದೆ. ಹೆಂಡತಿ ಎಚ್ಚರವಾಗೇ ಇದ್ದಳು. ಸರಿದು ಜಾಗ ಕೊಟ್ಟಳು. ಮರುದಿನ ಕಾರು ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ. ಅವಳು ಆ ವಾರವೇ ಹೋದಳು, ಮನೆಯಲ್ಲೇ, ಓನರಮ್ಮ ತಲೆಯ ಹತ್ತಿರ ಇದ್ದಾಗ.

ಇಷ್ಟು ವರ್ಷ ಜೊತೆಗಿದ್ದವಳು ಕೊನೆಯ ಮಾತನ್ನು ನನಗೆ ಹೇಳದೆ ಕೆಳಗಿನ ಮನೆಯವರಿಗೆ ಹೇಳಿದಳಲ್ಲ ಎಂದು ನನಗೆ ನೋವಾಯಿತು. ಇವತ್ತಿಗೂ ಆಗುತ್ತದೆ. ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಎತ್ತಿಕೊಂಡಾದರೂ ಕಾರಿಗೆ ಹಾಕಿಕೊಂಡು ಹೋಗುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು, ಓನರಮ್ಮನಿಗೂ ಗೊತ್ತಿತ್ತು. ಅವಳನ್ನು ಕೊನೆಯ ದಿನಗಳಲ್ಲಿ ಮಷೀನಿಗೆ ಕಟ್ಟದೆ ನನ್ನ ಪಕ್ಕದಲ್ಲಿ ಇರಗೊಟ್ಟವರು ಅವರು. ಆ ಋಣ ನನ್ನ ಮೇಲಿದೆ.

ಸಾವಿನ ಕಾರ್ಯಗಳೆಲ್ಲ ಮುಗಿದ ಮೇಲೆ ಕೇಳೋಣ ಎಂದುಕೊಂಡೆ. ಆ ಸಂಜೆ ಅವಳು ನಿಮಗೆ ಏನೇನು ಹೇಳಿದಳು, ಯಾವ ಮಾತಿನಲ್ಲಿ ಹೇಳಿದಳು, ನನ್ನ ಬಗ್ಗೆ ಏನಾದರೂ ಅಂದಳಾ ಎಂದು. ಬೆಳಗ್ಗೆ ಅವರು ಎದುರಾಗುತ್ತಿದ್ದರು, ತಿಂಡಿ ಆಯಿತಾ ಎಂದು ಕೇಳುತ್ತಿದ್ದರು, ನಾನು ಆಯಿತು ಎಂದು ಮೆಟ್ಟಿಲು ಹತ್ತುತ್ತಿದ್ದೆ. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಕೇಳುತ್ತೇನೆ ಎಂದು ಮುಂದೆ ಹಾಕಿದೆ. ಅವರಾಗಿಯೇ ಹೇಳುವ ಹೆಂಗಸಲ್ಲ ಅವರು. ಮುಂದಿನ ದಸರೆಗೆ ಮೊದಲೇ, ಒಂದು ಬೆಳಗ್ಗೆ ಪೂಜೆಗೆ ಕೂತವರು ಹಾಗೆಯೇ ಒರಗಿ ಲಿಂಗೈಕ್ಯರಾದರು.

ಆ ಮನೆ ಬಿಟ್ಟು ಈಗ ಸರಸ್ವತಿಪುರಂನಲ್ಲಿ ಒಂದು ಕೋಣೆಯಲ್ಲಿದ್ದೇನೆ. ದಿನಗಳು ಹೋಗುತ್ತವೆ. ನನ್ನ ಹೆಂಡತಿಯ ಆ ಮಾತುಗಳನ್ನು ಕೇಳಿದ್ದವರು ಈ ಲೋಕದಲ್ಲಿ ಅವರೊಬ್ಬರೇ. ಈಗ ಕೇಳಬೇಕು ಎನ್ನಿಸುತ್ತದೆ, ಕೇಳುವ ಧೈರ್ಯವೂ ಬಂದಿದೆ... ಯಾರನ್ನು ಕೇಳಲಿ?